ನಾಲ್ಕು ಮರಕ್ಕೆ ನಲವತ್ತು

ಬಚ್ಚಲುಮನೆ ಗೂಡಿನಲ್ಲಿ ನಿಮ್ಮಜ್ಜಿ ಇಟ್ಟಿರುವ ಕೊಬ್ಬರಿ ಎಣ್ಣೆ ಬಾಟಲಿಯನ್ನು ಈ ವಾರ ನೋಡಿದೆಯಾ ಮಗಾ? ನಾನು ನೋಡಿದೆ. ಸೋಮವಾರ ಬೆಳಿಗ್ಗೆ ತಳದಲ್ಲಿ ಒಂದಿಷ್ಟು ಬೆಳ್ಳಗೆ ಕೂತಿತ್ತು. ಗುರುವಾರದ ಹೊತ್ತಿಗೆ ಬಾಟಲಿ ಬೋರಲು ಹಾಕಿದರೂ ಒಂದು ಹನಿ ಇಳಿಯಲಿಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೋದರೆ ಗಟ್ಟಿಯಾಗುತ್ತದೆ. ನಿನ್ನ ಫೋನು ಹೇಳುವ ಹವಾಮಾನಕ್ಕಿಂತ ನನಗೆ ಆ ಬಾಟಲಿ ಮೇಲೆ ನಂಬಿಕೆ ಹೆಚ್ಚು. ಎಣ್ಣೆ ಗಟ್ಟಿಯಾಯಿತು ಅಂದರೆ ನಮ್ಮ ಸೀಮೆಯಲ್ಲಿ ಗಾಡಿ ಓಡಿಸುವ ರೀತಿ ಬದಲಾಗಬೇಕು. 1979ರಿಂದ ನಾನು ಇಟ್ಟುಕೊಂಡು ಬಂದಿರುವ ಲೆಕ್ಕ ಇದು.

ನೀನು ಹೊಸ ಗಾಡಿ ತಂದೆ, ಸಂತೋಷ. 2025ರಲ್ಲಿ ಕೊಬ್ಬರಿ ಕ್ವಿಂಟಾಲಿಗೆ ಇಪ್ಪತ್ತು ಸಾವಿರ ದಾಟಿದ್ದನ್ನು ನಾನೂ ಕಣ್ಣಾರೆ ಕಂಡೆ. ಮರದಲ್ಲಿ ಕಾಯಿ ಕಡಿಮೆಯಾಗಿದ್ದಕ್ಕೇ ಆ ರೇಟು ಬಂದದ್ದು, ಅದು ಬೇರೆ ಮಾತು. ಆದರೂ ಅಟ್ಟದ ಮೇಲೆ ಕಾಯಿ ತಡೆದು ಇಟ್ಟುಕೊಂಡಿದ್ದವರ ಮನೆಗೆ ದುಡ್ಡು ಬಂತು. ಅದರ ಮೇಲೆ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಗಾಡಿಗಳ ಜಿಎಸ್‌ಟಿ ನೂರಕ್ಕೆ 28 ಇದ್ದದ್ದು 18ಕ್ಕೆ ಇಳಿಯಿತು. ಆಯುಧಪೂಜೆ ದಿನ ನಮ್ಮೂರ ಗೇಟಿನಿಂದ ದೇವಸ್ಥಾನದವರೆಗೆ ಹೂವು ಕಟ್ಟಿಸಿಕೊಂಡು ನಿಂತ ಬೈಕುಗಳನ್ನು ನೋಡಿ ನನಗೆ ಹಿಂದಿನ ಕಾಲದ ದನದ ಜಾತ್ರೆ ನೆನಪಾಯಿತು. ಆಗ ಹೋರಿಗಳ ಕೊಂಬಿಗೆ ಹೀಗೇ ಹೂವು ಸುತ್ತಿರುತ್ತಿದ್ದರು. ನಿಮ್ಮಪ್ಪ ನನ್ನ ಹತ್ತಿರ ಬಂದು, "ದೊಡ್ಡಪ್ಪ, ಇವನಿಗೆ ನೀವೇ ನಾಲ್ಕು ಮಾತು ಹೇಳಿ, ನನ್ನ ಮಾತು ಕೇಳಲ್ಲ" ಅಂದ. ಅವನ ಮಾತು ಕೇಳದವನು ಅವನ ದೊಡ್ಡಪ್ಪನ ಮಾತು ಕೇಳುತ್ತಾನೆಂಬ ಭ್ರಮೆ ನನಗಿಲ್ಲ. ಆದರೂ ಹೇಳುತ್ತೇನೆ. ನಲವತ್ತು ವರ್ಷ ಮಂಡಿ ಗುಮಾಸ್ತನಾಗಿ ಹಳ್ಳಿ ಹಳ್ಳಿಯ ಅಟ್ಟ ಹತ್ತಿ ಕಾಯಿ ಅಲ್ಲಾಡಿಸಿ ನೋಡಿದವನು ನಾನು. ತಿಪಟೂರಿನಿಂದ ಹೊನ್ನವಳ್ಳಿ, ನೊಣವಿನಕೆರೆ, ಅತ್ತ ತುರುವೇಕೆರೆ, ಇತ್ತ ಶೆಟ್ಟಿಕೆರೆ, ಚಿಕ್ಕನಾಯಕನಹಳ್ಳಿ, ಹುಳಿಯಾರು. ಎಲ್ಲ ಎರಡು ಚಕ್ರದ ಮೇಲೆ.

ನನ್ನದು ಯೆಜ್ಡಿ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯದು, ಎರಡನೇ ಕೈಯದು. ಅಲ್ಲಿ 1961ರಿಂದ ಜಾವಾ ತಯಾರಾಗುತ್ತಿತ್ತು, 1973ರಿಂದ ಯೆಜ್ಡಿ ಅಂತ ಹೆಸರಾಯಿತು, 1996ರಲ್ಲಿ ಬಾಗಿಲು ಹಾಕಿದರು. ಈಗ ಅದೇ ಹೆಸರುಗಳಲ್ಲಿ ಮತ್ತೆ ಹೊಸ ಗಾಡಿ ಬಂದಿವೆಯಂತೆ. ಹೆಸರು ಬಂದಿದೆ, ಆ ಸದ್ದು ಬಂದಿಲ್ಲ. ನನ್ನದರಲ್ಲಿ ಕಿಕ್ ಹೊಡೆಯುವ ಲಿವರ್ರೇ ಗೇರ್ ಹಾಕುವ ಲಿವರ್ರು. ಒಳಕ್ಕೆ ಒತ್ತಿ, ಹಿಂದಕ್ಕೆ ತಿರುಗಿಸಿ, ಒದ್ದು ಸ್ಟಾರ್ಟ್ ಮಾಡಿ, ಮತ್ತೆ ಮುಂದಕ್ಕೆ ತಂದುಕೊಳ್ಳಬೇಕು. ಮಾಗಿ ಚಳಿಯಲ್ಲಿ ಅದು ಸುಮ್ಮನೆ ಏಳುತ್ತಿರಲಿಲ್ಲ. ಕಾರ್ಬ್ಯುರೇಟರ್ ಮೇಲಿನ ಗುಂಡಿ ಒತ್ತಿ ಒತ್ತಿ ಪೆಟ್ರೋಲು ಉಕ್ಕಿಸಿ, ಹತ್ತು ಹನ್ನೆರಡು ಸಲ ಒದೆಯಬೇಕು. ಒಂದೊಂದು ಸಲ ಅದೇ ತಿರುಗಿ ನಮ್ಮ ಮೊಳಕಾಲಿಗೆ ಒದೆಯುತ್ತಿತ್ತು. ಅಷ್ಟು ಹೊತ್ತಿಗೆ ಮೈ ಬೆಚ್ಚಗಾಗಿ, ಕಣ್ಣಿನ ಪಿಸುರು ಬಿಟ್ಟು, ಅಂಗಳದ ಇಬ್ಬನಿ ಎಷ್ಟಿದೆ ಅಂತ ಗೊತ್ತಾಗಿರುತ್ತಿತ್ತು. ನಿನ್ನದು ಗುಂಡಿ ಒತ್ತಿದರೆ ಶುರು. 2020ರ ಏಪ್ರಿಲ್‌ನಿಂದ ಬಿಎಸ್ 6 ಬಂದ ಮೇಲೆ ಕಾರ್ಬ್ಯುರೇಟರೂ ಇಲ್ಲ, ಚೋಕೂ ಇಲ್ಲ. ಗಾಡಿ ಎರಡೇ ಕ್ಷಣದಲ್ಲಿ ಎಚ್ಚರವಾಗುತ್ತದೆ, ಓಡಿಸುವವನು ಇನ್ನೂ ಹಾಸಿಗೆಯಲ್ಲೇ ಇರುತ್ತಾನೆ. ಅದಕ್ಕೇ ಹೇಳುವುದು, ಸ್ಟಾರ್ಟ್ ಮಾಡಿ ಒಂದು ನಿಮಿಷ ಬಿಡು. ಇಂಜಿನ್ ಆಯಿಲ್ ಕೊಬ್ಬರಿ ಎಣ್ಣೆಯಷ್ಟು ಗಟ್ಟಿಯಾಗುವುದಿಲ್ಲ, ಆದರೆ ಚಳಿಗೆ ಅದೂ ಮಂದವಾಗಿರುತ್ತದೆ. ಆ ನಿಮಿಷದಲ್ಲಿ ನೀನು ಟೈರು ಮುಟ್ಟಿ ನೋಡು, ಕೈಗವಸು ಹಾಕು, ಮುಖ ತೊಳೆ. ತೊಳೆದಿದ್ದರೆ ಇನ್ನೊಂದು ಸಲ ತೊಳೆ.

ಟೈರು ಅಂದೆನಲ್ಲ. ಗಾಳಿಯನ್ನು ಮಧ್ಯಾಹ್ನ ಪೇಟೆಯಲ್ಲಿ ಬಿಸಿಲಿಗೆ ನಿಂತ ಗಾಡಿಗೆ ಹಿಡಿಸಿಕೊಂಡು ಬರಬೇಡ. ಹಗಲು 28 ಡಿಗ್ರಿ ಇದ್ದದ್ದು ಬೆಳಗಿನ ಜಾವ 14ಕ್ಕೆ ಇಳಿದರೆ ಟೈರಿನಲ್ಲಿ ಎರಡು ಎರಡೂವರೆ ಪಾಯಿಂಟ್ ಗಾಳಿ ತಾನಾಗಿ ಕಡಿಮೆಯಾಗುತ್ತದೆ. ತಣ್ಣಗಿರುವಾಗಲೇ ನೋಡಿಸಬೇಕು.

ಇನ್ನು ಮುಖ್ಯವಾದ ಮಾತಿಗೆ ಬರುತ್ತೇನೆ. ನೀನು ನನಗೆ ಹೇಳಿದೆಯಲ್ಲ, "ತಾತ, ತಿಪಟೂರು ರೋಡು ನನಗೆ ಕಣ್ಣು ಮುಚ್ಕೊಂಡ್ರೂ ಗೊತ್ತು" ಅಂತ. ಅದೇ ನನ್ನ ಭಯ. ಗೊತ್ತಿಲ್ಲದ ಘಾಟಿಯಲ್ಲಿ ಹುಡುಗರು ಹುಷಾರಾಗಿರುತ್ತಾರೆ. ಶನಿವಾರ ಭಾನುವಾರ ಗುಂಪು ಕಟ್ಟಿಕೊಂಡು ಅರಸೀಕೆರೆ, ಕಡೂರು ಮೇಲೆ ಮುಳ್ಳಯ್ಯನಗಿರಿಗೆ ಮಂಜು ನೋಡೋಕೆ ಹೋಗುತ್ತೀರಿ, ಕೈಗೆ ಕಾಲಿಗೆ ಎಲ್ಲ ಕಟ್ಟಿಕೊಂಡು, ಸರ್ಕಸ್ಸಿನವರ ಹಾಗೆ. ಏನೂ ಆಗದೆ ಬರುತ್ತೀರಿ. ಸೋಮವಾರ ಬೆಳಿಗ್ಗೆ ಕಾಲೇಜಿಗೆ ಹೊರಟಾಗ ಹೆಲ್ಮೆಟ್ಟು ಕೈಗೆ ನೇತಾಡುತ್ತಿರುತ್ತದೆ. ಮಂಜು ಇಲ್ಲೂ ಇರುತ್ತದೆ ಮರಿ, ನೋಡೋಕೆ ಹೋಗಬೇಕಾಗಿಲ್ಲ, ಅದೇ ಬರುತ್ತದೆ. ಒಂಬತ್ತು ತಿಂಗಳು ಬಾಯಿಪಾಠವಾಗಿದ್ದ ದಾರಿ ಈ ಮೂರು ತಿಂಗಳು ರಾತ್ರೋರಾತ್ರಿ ಬದಲಾಗಿರುತ್ತದೆ. ನಿನ್ನೆ ಇದ್ದ ರೋಡು ಇವತ್ತು ಇರುವುದಿಲ್ಲ. ಕೈಗೆ ಮಾತ್ರ ನಿನ್ನೆಯದೇ ಅಭ್ಯಾಸ.

ಮಂಜು ಎಲ್ಲೆಲ್ಲಿ ಕೂರುತ್ತದೆಂದು ಊರಿನ ಹೆಸರುಗಳೇ ಹೇಳುತ್ತವೆ. ತುರುವೇಕೆರೆ, ನೊಣವಿನಕೆರೆ, ಶೆಟ್ಟಿಕೆರೆ, ಹಂದನಕೆರೆ. ಕೆರೆ ಇದ್ದಲ್ಲಿ ತಗ್ಗು, ತಗ್ಗಿದ್ದಲ್ಲಿ ತಣ್ಣನೆ ಗಾಳಿ, ಅದರ ಹೊಟ್ಟೆಯಲ್ಲಿ ಮಂಜು. ಹೇಮಾವತಿ ನಾಲೆಯ ಬದಿ, ಅಡಿಕೆ ತೋಟದ ಬದಿ ಕೂಡ ಹಾಗೇ. ಮೋಡವಿಲ್ಲದೆ, ಗಾಳಿ ಅಲ್ಲಾಡದೆ, ಆಕಾಶದ ತುಂಬ ನಕ್ಷತ್ರ ಇರುವ ರಾತ್ರಿ ಮಲಗುವಾಗಲೇ ತಿಳಿದುಕೋ, ಬೆಳಿಗ್ಗೆ ಕೆರೆ ಏರಿ ಮೇಲೆ ಏನೂ ಕಾಣುವುದಿಲ್ಲ. ದಿಬ್ಬದ ಮೇಲೆ ಬಿಸಿಲು ಬಿದ್ದಿರುತ್ತದೆ, ಅದನ್ನು ನಂಬಿಕೊಂಡು ಇಳಿಜಾರಿನಲ್ಲಿ ಬಿಟ್ಟರೆ ಕೆಳಗೆ ಹತ್ತಿಯ ಮೂಟೆಯೊಳಗೆ ನುಗ್ಗಿದ ಹಾಗೆ. ನಮ್ಮ ಕಡೆ ಇನ್ನೊಂದು ಸೇರುತ್ತದೆ, ಮಟ್ಟೆ ಹೊಗೆ. ಕಾಯಿ ಸುಲಿದ ಮಟ್ಟೆ ರಾಶಿಗೆ ಯಾರೋ ಬೆಂಕಿ ಇಟ್ಟಿರುತ್ತಾರೆ, ಅದು ಎರಡು ದಿನ ಒಳಗೊಳಗೇ ಉರಿಯುತ್ತದೆ. ಮಂಜಿಗೆ ಆ ಹೊಗೆ ಸೇರಿದರೆ ದಾರಿಗೆ ಅಡ್ಡ ಗೋಡೆ ಎದ್ದಂತೆ.

ನನ್ನ ಯೆಜ್ಡಿಯದು ಆರು ವೋಲ್ಟ್ ದೀಪ, ಸೀಮೆಎಣ್ಣೆ ಬುಡ್ಡಿಗಿಂತ ಒಂದು ಚೂರು ವಾಸಿ. ಆ ದೀಪಕ್ಕೆ ಹೆದರಿಯೇ ನಾವು ನಿಧಾನ ಹೋಗುತ್ತಿದ್ದೆವು, ಬದುಕಿಕೊಂಡೆವು. ನಿನ್ನ ಗಾಡಿಯ ಎಲ್‌ಇಡಿ ಹಾಲಿನ ಹಾಗೆ ಬೆಳ್ಳಗೆ. ಮಂಜಿನಲ್ಲಿ ಅದನ್ನು ಮೇಲಕ್ಕೆತ್ತಿ ಬಿಟ್ಟರೆ ಬೆಳಕೆಲ್ಲ ಹನಿಗಳಿಗೆ ಬಡಿದು ನಿನ್ನ ಕಣ್ಣಿಗೇ ವಾಪಸು ಬರುತ್ತದೆ. ಡಿಮ್ಮಿನಲ್ಲೇ ಇಡು. ಹೆಲ್ಮೆಟ್ಟಿನ ಗಾಜು ನಿನ್ನ ಉಸಿರಿಗೇ ಮಬ್ಬಾಗುತ್ತದೆ, ಒಂದು ಬೆರಳು ಸಂದು ಬಿಟ್ಟು ತೆರೆದಿರು. ಮೂಗು ತಣ್ಣಗಾದರೆ ಆಗಲಿ.

ಈಗ ನಾನೇ ಕಂಡುಕೊಂಡ ಲೆಕ್ಕ ಒಂದು. ನಮ್ಮವರು ತೆಂಗಿನ ಸಸಿ ಹಾಕುವುದು ಸುಮಾರು ಮೂವತ್ತು ಅಡಿಗೆ ಒಂದರಂತೆ. ರೋಡಿನ ಪಕ್ಕದ ತೋಟದ ಮೊದಲ ಸಾಲು ನೋಡಿಕೊಂಡು ಹೋದರೆ ಅದೇ ಅಳತೆಪಟ್ಟಿ. ಗಂಟೆಗೆ ಅರವತ್ತರಲ್ಲಿ ಹೋಗುತ್ತಿದ್ದರೆ ಒಂದು ಸೆಕೆಂಡಿಗೆ ಐವತ್ತೈದು ಅಡಿ, ಅಂದರೆ ಹೆಚ್ಚುಕಡಿಮೆ ಎರಡು ಮರ. ಎದುರಿಗೆ ಏನೋ ಇದೆ ಅಂತ ಕಣ್ಣಿಗೆ ಬಿದ್ದು, ತಲೆಗೆ ಹೋಗಿ, ಕೈ ಬ್ರೇಕು ಹಿಡಿಯುವಷ್ಟರಲ್ಲಿ ಆ ಎರಡು ಮರ ಹೋಯಿತು. ಆಮೇಲೆ ಇಬ್ಬನಿ ಬಿದ್ದ ಟಾರಿನ ಮೇಲೆ ಗಾಡಿ ನಿಲ್ಲೋಕೆ ಇನ್ನು ಮೂರು ಮರ. ಒಟ್ಟು ಐದು. ನಲವತ್ತರಲ್ಲಿ ಹೋದರೆ ಇಷ್ಟೂ ಸೇರಿ ಮೂರು ಮರದೊಳಗೆ ಮುಗಿಯುತ್ತದೆ. ಅದಕ್ಕೇ ನನ್ನ ಬಾಯಲ್ಲಿ ಇರುವುದು: ನಾಲ್ಕು ಮರಕ್ಕೆ ನಲವತ್ತು, ಎರಡು ಮರಕ್ಕೆ ಇಪ್ಪತ್ತು. ಮಂಜಿನಲ್ಲಿ ಮುಂದೆ ನಾಲ್ಕೇ ಮರ ಕಾಣುತ್ತಿದ್ದರೆ ನಲವತ್ತು ದಾಟಬೇಡ. ಎರಡೇ ಕಂಡರೆ ಇಪ್ಪತ್ತು. ಒಂದೂ ಕಾಣದಿದ್ದರೆ ಗೇಟಿನ ಹೋಟೆಲಿನಲ್ಲಿ ಟೀ ಕುಡಿ, ಎಂಟೂವರೆ ಹೊತ್ತಿಗೆ ಬಿಸಿಲು ಬರುತ್ತದೆ. ಕ್ಲಾಸು ತಪ್ಪಿದರೆ ಮೇಷ್ಟ್ರಿಗೆ ನಾನು ಚೀಟಿ ಬರೆದುಕೊಡುತ್ತೇನೆ, ನಗಬೇಡ.

ಮಂಜು ಕಣ್ಣಿಗಾದರೂ ಕಾಣುತ್ತದೆ. ಕಾಣದೆ ಬೀಳಿಸುವುದು ರಾಗಿ, ಅದಕ್ಕಿಂತ ಹುರುಳಿ.

ರೋಡಿನಲ್ಲಿ ಒಕ್ಕಣೆ ಮಾಡುವವರನ್ನು ನೀವು ಹುಡುಗರು ಬಾಯಿಗೆ ಬಂದಂತೆ ಬೈದುಕೊಂಡು ಹೋಗುತ್ತೀರಿ. ಬೈಯುವ ಮೊದಲು ತಿಳಿದುಕೋ. ನಾನು ಹುಡುಗನಾಗಿದ್ದಾಗ ಕೊಯ್ಲು ಮುಗಿಯಿತೆಂದರೆ ಪ್ರತಿ ಮನೆಯವರೂ ಕಣ ಮಾಡುತ್ತಿದ್ದರು. ನೆಲ ಕೆತ್ತಿ, ನೀರು ಹೊಯ್ದು, ಬಡಿದು ಗಟ್ಟಿ ಮಾಡಿ, ಸಗಣಿ ಬಗ್ಗಡದಲ್ಲಿ ಸಾರಿಸಿದರೆ ಕನ್ನಡಿಯ ಹಾಗಿರುತ್ತಿತ್ತು. ನಡುವೆ ಮೇಟಿ ಕಂಬ, ಸುತ್ತ ರಾಗಿ ಹರವಿ, ಎತ್ತಿಗೆ ರೋಣಗಲ್ಲು ಕಟ್ಟಿ ರಾತ್ರಿಯೆಲ್ಲ ಸುತ್ತಿಸುತ್ತಿದ್ದೆವು. ಆಮೇಲೆ ಕೊಳವೆಬಾವಿ ಬಂತು, ಹೇಮಾವತಿ ನೀರು ಬಂತು, ರಾಗಿ ಹೊಲವೆಲ್ಲ ತೆಂಗಿನ ತೋಟವಾಯಿತು. ಕಣದ ಜಾಗಕ್ಕೂ ನಾಲ್ಕು ಸಸಿ ಬಿತ್ತು. ಎತ್ತು ಮಾರಿದೆವು, ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಎಕ್ಸ್‌ಎಲ್ ಮೊಪೆಡ್ಡು ತಂದೆವು. ತೆಂಗಿನ ಸಾಲಿನ ನಡುವೆ ಊಟಕ್ಕೆಂದು ಬೆಳೆಯುವ ಅರ್ಧ ಎಕರೆ ರಾಗಿಗೆ ಕೊಯ್ಲಿನ ದೊಡ್ಡ ಮಿಷನ್ನು ಒಳಗೆ ತಿರುಗುವುದಿಲ್ಲ, ಬಾಡಿಗೆಯೂ ಗಿಟ್ಟುವುದಿಲ್ಲ. ಕಣ ಇಲ್ಲ, ಎತ್ತಿಲ್ಲ, ಮನೆ ಮುಂದೆ ನುಣ್ಣನೆ ಟಾರು ರೋಡಿದೆ, ಅದರ ಮೇಲೆ ಬಿಟ್ಟಿ ಚಕ್ರಗಳು ಓಡಾಡುತ್ತವೆ. ಮಾಡಬಾರದು ಅಂತ ಅಧಿಕಾರಿಗಳು ಹೇಳುತ್ತಲೇ ಇದ್ದಾರೆ, ಪೊಲೀಸರೂ ಬಂದು ಗದರಿಸಿ ಹೋಗುತ್ತಾರೆ. ತಪ್ಪು ಅಂತ ಹಾಕುವವರಿಗೂ ಗೊತ್ತು. ನನಗೂ ಗೊತ್ತಿತ್ತು.

ಹೌದು, ನಾನೂ ಹಾಕಿದ್ದೇನೆ. 1998ರ ಡಿಸೆಂಬರ್. ಯೆಜ್ಡಿ ಮೇಲೆ ಇಪ್ಪತ್ತು ವರ್ಷ ಓಡಾಡಿದವನು, ರೋಡಿನ ರಾಗಿಗೆ ಎರಡು ಸಲ ಬಿದ್ದವನು, ನಾನೇ ನಮ್ಮ ಮನೆ ಮುಂದೆ ಹುರುಳಿ ಬಳ್ಳಿ ಹರವಿದೆ. ಸಂಜೆ ಆರೂವರೆ. ಪೂರ್ತಿ ಕತ್ತಲಾಗುವುದರೊಳಗೆ ಎಳೆದು ಒಟ್ಟಿಬಿಡೋಣ ಅಂತ ಕೋಲಿನಲ್ಲಿ ತಿರುವಿ ಹಾಕುತ್ತಿದ್ದೆ. ಇಪ್ಪತ್ತೈದು ಇಪ್ಪತ್ತಾರರ ಹುಡುಗನೊಬ್ಬ ಗಾಡಿಯಲ್ಲಿ ಬಂದ, ಹಿಂದೆ ಹೆಂಡತಿ. ಹುರುಳಿ ಕಂಡು ಮುಂದಿನ ಬ್ರೇಕು ಹಿಡಿದ. ಗಾಡಿ ಅಡ್ಡವಾಗಿ ಜಾರಿಕೊಂಡು ಬಂದು ನನ್ನ ಕಾಲ ಹತ್ತಿರ ನಿಂತಿತು. ಆ ಹೆಣ್ಣುಮಗಳು ಬಳ್ಳಿಯ ಗುಪ್ಪೆ ಮೇಲೆ ಬಿದ್ದು ಪಾರಾದಳು. ಅವನಿಗೆ ಹೆಗಲ ಮೂಳೆ ಮುರಿಯಿತು. ಟೆಂಪೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಅವನು ನನ್ನನ್ನು ಬೈಯುತ್ತಾನೆ ಅಂತ ಕಾಯುತ್ತಾ ಕೂತಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಬಹಳ ಹೊತ್ತು ಸುಮ್ಮನಿದ್ದು, "ಬೆಳಿಗ್ಗೆ ನಾನೂ ರಾಗಿ ಹರವಿಯೇ ಬಂದಿದ್ದೀನಿ ಕಣಣ್ಣ, ನಮ್ಮೂರ ಗೇಟ್ ಹತ್ರ. ಯಾರಾದ್ರೂ ಬಿದ್ರೋ ಏನೋ" ಅಂದ.

ಅವತ್ತಿನಿಂದ ನಾನು ಹಾಕಿಲ್ಲ. ಆದರೆ ಹಾಕುವವರನ್ನು ಬೈಯುವ ಬಾಯೂ ನನಗೆ ಹೋಯಿತು.

ಒಕ್ಕಣೆ ಹಾಕಿದ ರೋಡು ದಾಟುವ ಬಗೆ ಹೇಳುತ್ತೇನೆ, ಇದನ್ನು ಯಾವ ಡ್ರೈವಿಂಗ್ ಸ್ಕೂಲಿನಲ್ಲೂ ಹೇಳಿಕೊಡುವುದಿಲ್ಲ. ರಾಗಿ ಕಾಳೆಂದರೆ ಸೈಕಲ್ ಬೇರಿಂಗಿನ ಗುಂಡು, ಚಕ್ರ ಅದರ ಮೇಲೆ ಉರುಳುತ್ತದೆ, ಹಿಡಿಯುವುದಿಲ್ಲ. ಹುಲ್ಲು ಕಂಡ ತಕ್ಷಣ, ಅದರ ಮೇಲೆ ಹತ್ತುವ ಮೊದಲೇ, ವೇಗ ಪೂರ್ತಿ ಇಳಿಸಿಕೋ. ಹತ್ತಿದ ಮೇಲೆ ಬ್ರೇಕು ಮುಟ್ಟಬೇಡ, ಕ್ಲಚ್ ಹಿಡಿಯಬೇಡ, ಎರಡನೇ ಗೇರಿನಲ್ಲಿ ಗಾಡಿಯನ್ನು ನೆಟ್ಟಗೆ ಇಟ್ಟುಕೊಂಡು, ಎತ್ತು ನಡೆದ ಹಾಗೆ ದಾಟು. ಹ್ಯಾಂಡಲ್ ತಿರುಗಿಸಲೇಬೇಡ. ಎಬಿಎಸ್ ಇದೆ ತಾತ ಅನ್ನುತ್ತೀಯ. ಎಬಿಎಸ್ ಚಕ್ರ ಕಚ್ಚಿಕೊಳ್ಳದ ಹಾಗೆ ನೋಡಿಕೊಳ್ಳುತ್ತದೆ, ಇಲ್ಲದ ಹಿಡಿತವನ್ನು ಎಲ್ಲಿಂದ ತರುತ್ತದೆ? ಹುರುಳಿ ದಪ್ಪಗೆ ಹಾಕಿದ್ದರೆ ಇಳಿದುಬಿಡು. "ಅವ್ವಾ, ಒಂದು ಗಾಡಿ ದಾರಿ ಬಿಡವ್ವಾ" ಅಂತ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ, ಕೋಲಿನಲ್ಲಿ ಸರಿಸಿಕೊಡುತ್ತಾರೆ, ಅವರೆಕಾಯಿ ಕೊಟ್ಟು ಕಳಿಸಿದರೂ ಕಳಿಸಿದರೇ. ದಾಟಿದ ಮೇಲೆ ಒಂದು ಫರ್ಲಾಂಗು ಮುಂದೆ ನಿಂತು ಚೈನಿಗೆ, ಸೈಲೆನ್ಸರಿಗೆ ಬಳ್ಳಿ ಸುತ್ತಿದೆಯಾ ನೋಡು. ಕಾದ ಸೈಲೆನ್ಸರಿಗೆ ಒಣ ಹುರುಳಿ ಬಳ್ಳಿ ಬೆಂಕಿಪೊಟ್ಟಣ ಇದ್ದ ಹಾಗೆ. ಮತ್ತೊಂದು, ಹುಲ್ಲು ಹಾರದಿರಲೆಂದು ಅಂಚಿಗೆ ಸೈಜುಗಲ್ಲು ಇಟ್ಟಿರುತ್ತಾರೆ. ಸಂಜೆ ರಾಗಿ ತುಂಬಿಕೊಂಡು ಹೋಗುತ್ತಾರೆ, ಕಲ್ಲು ಅಲ್ಲೇ ಉಳಿದಿರುತ್ತದೆ. ಹಗಲು ಒಕ್ಕಣೆ ಕಂಡ ಜಾಗವನ್ನು ರಾತ್ರಿಗೆ ನೆನಪಿಟ್ಟುಕೋ. ಅದೇ ಜಾಗದಲ್ಲಿ ನಾಯಿಗಳೂ ಮಲಗಿರುತ್ತವೆ, ಬಿಸಿಲು ಕುಡಿದ ಟಾರು ರಾತ್ರಿಯೂ ಬೆಚ್ಚಗಿರುತ್ತದಲ್ಲ.

ಹೆದ್ದಾರಿಯಾದ ಬಿ.ಎಚ್. ರಸ್ತೆ ವಿಚಾರ ಹೆಚ್ಚು ಹೇಳುವುದಿಲ್ಲ. ನಾಲ್ಕು ಪಥ ಮಾಡಿದ ಮೇಲೆ ಅದು ನಮ್ಮ ರಸ್ತೆಯಾಗಿ ಉಳಿದಿಲ್ಲ, ಬೆಂಗಳೂರು ಶಿವಮೊಗ್ಗದವರದ್ದಾಗಿದೆ. ಕಿಬ್ಬನಹಳ್ಳಿ ಕ್ರಾಸಿನಲ್ಲಿ ತುರುವೇಕೆರೆ ಕಡೆಯಿಂದ, ಚಿಕ್ಕನಾಯಕನಹಳ್ಳಿ ಕಡೆಯಿಂದ ಬಂದು ಸೇರುವಾಗ ಎರಡೂ ಕಡೆ ನೋಡು. ತಿರುಗಿ ಬರುವುದು ದೂರ ಅಂತ ಎದುರು ದಿಕ್ಕಿನಲ್ಲಿ ನುಗ್ಗಬೇಡ. ಅಷ್ಟೇ.

ಚಳಿ ಬಗ್ಗೆ ನೀವು ಯಾರೂ ಗಂಭೀರವಾಗಿ ಯೋಚಿಸುವುದಿಲ್ಲ, ನಮ್ಮದೇನು ಹಿಮಾಲಯವೇ ಅಂತ. ಅಲ್ಲ ನಿಜ. ಆದರೆ 14 ಡಿಗ್ರಿಯಲ್ಲಿ ಐವತ್ತರ ವೇಗದ ಗಾಳಿ ಅರ್ಧ ಗಂಟೆ ಬೆರಳಿಗೆ ಹೊಡೆದರೆ ಬೆರಳು ಮಾತು ಕೇಳುವುದಿಲ್ಲ. ಬ್ರೇಕು ಹಿಡಿದೆ ಅಂದುಕೊಂಡಿರುತ್ತೀಯ, ಬೆರಳು ಇನ್ನೂ ಲಿವರಿನ ಮೇಲೆ ಬಂದೇ ಇರುವುದಿಲ್ಲ. ನಾವು ಎದೆಗೆ ಅಂಗಿಯೊಳಗೆ ಹಳೆ ಪೇಪರು ಮಡಿಚಿ ಇಟ್ಟುಕೊಳ್ಳುತ್ತಿದ್ದೆವು. ಗಾಳಿ ತಡೆಯೋಕೆ ಈಗಲೂ ಅದರಷ್ಟು ಅಗ್ಗದ ಉಪಾಯ ಇಲ್ಲ, ಹೋದ ಊರಲ್ಲಿ ಓದೋಕೂ ಆಗುತ್ತದೆ. ಮಫ್ಲರ್ ಸುತ್ತಿಕೊಂಡರೆ ತುದಿಯನ್ನು ಜರ್ಕಿನ್ ಒಳಗೆ ಸಿಕ್ಕಿಸು, ಹಿಂದೆ ಹಾರಾಡಿಸಬೇಡ. ಮಫ್ಲರ್ ಮೇಲೆ ಹೆಲ್ಮೆಟ್ಟು ಕೂರುವುದಿಲ್ಲ ಅಂತ ಹೆಲ್ಮೆಟ್ಟನ್ನೇ ಟ್ಯಾಂಕಿನ ಮೇಲೆ ಇಟ್ಟುಕೊಂಡು ಹೋಗುವ ದೊಡ್ಡವರನ್ನೂ ನೋಡಿದ್ದೇನೆ, ನನ್ನ ವಯಸ್ಸಿನವರು. ಅವರನ್ನು ನೋಡಿ ಕಲಿಯಬೇಡ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಅದರಲ್ಲಿ ನೂರಕ್ಕೆ 44ರಷ್ಟು ಜನ ನಮ್ಮ ಹಾಗೆ ಎರಡು ಚಕ್ರದ ಮೇಲೆ ಇದ್ದವರು. ಕೊಬ್ಬರಿ ಚೀಲ ಲೆಕ್ಕ ಹಾಕಿದ ತಲೆ ನನ್ನದು, ಈ ಲೆಕ್ಕ ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಧನುರ್ಮಾಸ ಬಂದರೆ ನಿಮ್ಮಜ್ಜಿ ಬೆಳಗಿನ ಜಾವ ಐದಕ್ಕೆ ಎದ್ದು ಪೂಜೆಗೆ ಹೊರಡುತ್ತಾಳೆ. ಈ ವರ್ಷ ನಿನ್ನ ಗಾಡಿಯಲ್ಲೇ ಹೋಗಬೇಕಂತೆ, ನನಗೆ ಆಗಲೇ ಹೇಳಿದ್ದಾಳೆ. ಚಂದ ಕಾಣುವುದಿಲ್ಲ ಅಂತ ಬಿಚ್ಚಿಸಿ ಹಾಕಿದೆಯಲ್ಲ ಸೀರೆ ಗಾರ್ಡು, ಅದನ್ನು ವಾಪಸು ಹಾಕಿಸು. ಅದು ಅಂದಕ್ಕೆ ಕೊಟ್ಟದ್ದಲ್ಲ, ಇರಲೇಬೇಕೆಂದು ಕಾನೂನಿದೆ. ಅವಳಿಗೂ ಒಂದು ಹೆಲ್ಮೆಟ್ಟು ತಾ. ಹಿಂದೆ ಕೂತವರಿಗೂ ಕಡ್ಡಾಯ ಅಂತ ನಮ್ಮ ರಾಜ್ಯದಲ್ಲಿ 2016ರಲ್ಲೇ ಆಗಿದೆ. ಮುಡಿದ ಹೂವು ನಲುಗುತ್ತದೆ ಅಂತ ರಾಗ ತೆಗೆಯುತ್ತಾಳೆ, ಹೂವು ದೇವಸ್ಥಾನದ ಬಾಗಿಲಲ್ಲಿ ಮುಡಿದುಕೊಳ್ಳಲಿ. ಪುಳಿಯೋಗರೆ, ಹುಗ್ಗಿ ಡಬ್ಬಿಯನ್ನು ಹ್ಯಾಂಡಲಿಗೆ ನೇತುಹಾಕಬೇಡ.

ರಾತ್ರಿ ಗಾಡಿಯನ್ನು ತೆಂಗಿನ ಮರದ ಕೆಳಗೆ ನಿಲ್ಲಿಸುತ್ತಿದ್ದೀಯ. ನೆರಳಿಗೆ ಅಂತ ನಿಲ್ಲಿಸೋಕೆ ರಾತ್ರಿ ಯಾವ ಬಿಸಿಲು? ಒಣಗಿದ ಗರಿಯೊಂದು ಬಿದ್ದರೆ ಟ್ಯಾಂಕಿನ ಆಕಾರ ಬದಲಾಗುತ್ತದೆ, ಕಾಯಿ ಬಿದ್ದರೆ ನಾನು ಹೇಳುವುದಿಲ್ಲ. ಕೊಟ್ಟಿಗೆ ಖಾಲಿಯಿದೆ, ಎತ್ತು ಕಟ್ಟುತ್ತಿದ್ದ ಜಾಗದಲ್ಲಿ ನಿಲ್ಲಿಸು.

ಬರುವ ಭಾನುವಾರ ನಮ್ಮ ರಾಗಿ ಒಕ್ಕಣೆ. ಅಂಗಳದಲ್ಲೇ, ಟಾರ್ಪಾಲಿನ ಮೇಲೆ. ಹುಲ್ಲು ಎತ್ತಿ, ರಾಶಿ ತುಂಬಿದ ಮೇಲೆ ಅಂಗಳದ ಸಿಮೆಂಟಿನ ಮೇಲೆ ಚೆಲ್ಲಿದ ಕಾಳು ಒಂದಿಷ್ಟು ಉಳಿದಿರುತ್ತದೆ, ಗುಡಿಸಬೇಡ ಅಂತ ನಿಮ್ಮಜ್ಜಿಗೆ ಹೇಳಿದ್ದೇನೆ. ನೀನು ಗಾಡಿ ತೆಗೆದುಕೊಂಡು ಬಾ. ಎರಡನೇ ಗೇರಿನಲ್ಲಿ, ನಾನು ಪಕ್ಕದಲ್ಲಿ ನಡೆದುಕೊಂಡು ಬರುವಷ್ಟು ನಿಧಾನಕ್ಕೆ, ಅದರ ಮೇಲೆ ನಾಲ್ಕು ಸುತ್ತು ಹಾಕಿಸುತ್ತೇನೆ. ಬೀಳುವುದಾದರೆ ಅಲ್ಲೇ ಬೀಳು. ಹೆಲ್ಮೆಟ್ಟು ಹಾಕಿಕೊಂಡು ಬಾ.